ಒಮ್ಮೊಮ್ಮೆ ನೆಲವೂ ಡೊಂಕಾಗಿರುತ್ತದೆ

‘ನಿಜವಾದ ಪ್ರತಿಭೆಯಿದ್ದವನು ಎಲ್ಲಿಗೆ ಹೋದರೂ ಬೆಳಗುತ್ತಾನೆ’ ಎಂಬ ಮಾತನ್ನು ನಾನು ಬದುಕಿನುದ್ದಕ್ಕೂ ಕೇಳುತ್ತ ಬಂದಿದ್ದೇನೆ. ಶಾಲೆಯ ವಾರ್ಷಿಕೋತ್ಸವದ ವೇದಿಕೆಗಳಲ್ಲಿ, ಬೀಳ್ಕೊಡುಗೆ ಸಮಾರಂಭಗಳಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂಡ ಕೇಳಿದ್ದೇನೆ. ಕಿವಿಗೆ ಹಿತವಾದ ಮಾತು. ಆದರೆ ಸುಳ್ಳು. ಅಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಇದು ಕೆಲವರಿಗೆ ಬಹಳ ಅನುಕೂಲವಾದ ಸುಳ್ಳು. ಹೊಸಬನೊಬ್ಬನನ್ನು ತಮ್ಮ ಮನೆಗೆ, ತಮ್ಮ ತರಗತಿಗೆ, ತಮ್ಮ ತಂಡಕ್ಕೆ ಬರಮಾಡಿಕೊಂಡವರು ತಮ್ಮ ಪಾಲಿನ ಹೊಣೆಯಿಂದ ನುಣುಚಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ಇನ್ನೊಂದಿಲ್ಲ. ಅವನು ಬೆಳಗಿದರೆ ತಂದವರಿಗೆ ಕೀರ್ತಿ. ಬೆಳಗದಿದ್ದರೆ ಅವನಲ್ಲಿ ಬೆಳಕೇ ಇರಲಿಲ್ಲ!

ಈ ಮಾತಿನ ಮೇಲೆ ನನಗಿರುವ ತಕರಾರನ್ನು ಇಂದು ಕಾಲ್ಚೆಂಡಿನಾಟದ ಉದಾಹರಣೆಗಳಿಂದ ಮಂಡಿಸಲು ಹೊರಟಿದ್ದೇನೆ. ಹಳಗನ್ನಡ ಪಾಠ ಮಾಡುತ್ತಿದ್ದ ಮೇಷ್ಟ್ರಿಗೆ ಫುಟ್‌ಬಾಲಿನ ಉಸಾಬರಿ ಯಾಕೆ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಿವೃತ್ತನಿಗೆ ನಿದ್ರೆ ಕಡಿಮೆ. ಯುರೋಪಿನ ಪಂದ್ಯಗಳು ನಡೆಯುವುದು ನಮ್ಮ ರಾತ್ರಿಯಲ್ಲಿ. ಅಷ್ಟು ಸಮರ್ಥನೆ ಸಾಕೆಂದುಕೊಳ್ಳುತ್ತೇನೆ.

ಫ್ಲೋರಿಯನ್ ವಿರ್ಟ್ಸ್ ಎಂಬ ಜರ್ಮನಿಯ ಹುಡುಗನ ವಿಷಯದಿಂದ ಆರಂಭಿಸೋಣ. 2023–24ರಲ್ಲಿ ಬೇಯರ್ ಲೆವರ್ಕುಸೆನ್ ತಂಡ ಒಂದೇ ಒಂದು ಪಂದ್ಯವನ್ನೂ ಸೋಲದೆ ಜರ್ಮನಿಯ ಲೀಗನ್ನು ಗೆದ್ದಾಗ ಆ ಋತುವಿನ ಶ್ರೇಷ್ಠ ಆಟಗಾರನೆನಿಸಿದವನು ಅವನು. 2025ರ ಜೂನ್ ತಿಂಗಳಿನಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, 10 ಕೋಟಿ ಪೌಂಡುಗಳಿಗೆ, ಮುಂದೆ ಸೇರಬಹುದಾದ ಮತ್ತಷ್ಟು ಮೊತ್ತದ ಕರಾರಿನೊಂದಿಗೆ, ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬನ್ನು ಸೇರಿದ. ಲೀಗಿನಲ್ಲಿ ಅವನ ಮೊದಲ ಗೋಲು ಬಂದದ್ದು ಡಿಸೆಂಬರ್ 27ರಂದು, ವುಲ್ವ್ಸ್ ತಂಡದ ವಿರುದ್ಧ. ನಡುವಿನ ಆ ಆರು ತಿಂಗಳಲ್ಲಿ ವ್ಯಾಖ್ಯಾನಕಾರರೂ ಅಭಿಮಾನಿಗಳೂ ಸೇರಿ ಅವನ ತಿಥಿಯ ಊಟವನ್ನೇ ಮಾಡಿ ಮುಗಿಸಿದ್ದರು. ‘ದುಡ್ಡು ದಂಡ’, ‘ಜರ್ಮನಿಯಲ್ಲಿ ಆಡಿದಷ್ಟು ಸುಲಭವೇ ಇದು’, ‘ಮೈಯಲ್ಲಿ ಕಸುವಿಲ್ಲ’ ಎಂಬ ಬಗೆಯ ಮಾತುಗಳು ದಿನನಿತ್ಯ ಕೇಳಿಬರುತ್ತಿದ್ದವು. ನನ್ನ ಬಂಧುವರ್ಗದ ಫುಟ್‌ಬಾಲ್ ಪಂಡಿತರೂ ಫೋನಿನಲ್ಲಿ ಇದನ್ನೇ ಹೇಳುತ್ತಿದ್ದರು.

ಅವನು ಕಾಲಿಟ್ಟ ಮನೆ ಹೇಗಿತ್ತು ಎಂದು ಕೇಳಿದವರು ಎಷ್ಟು ಮಂದಿ? 2025ರ ಜುಲೈ 3ರಂದು ಆ ತಂಡದ ಮುನ್ಪಡೆಯ ಆಟಗಾರ ಡಿಯೋಗೊ ಜೋಟಾ ಸ್ಪೇನಿನಲ್ಲಿ ನಡೆದ ಕಾರು ಅಪಘಾತದಲ್ಲಿ ತಮ್ಮನೊಂದಿಗೆ ತೀರಿಹೋದ. ಹೊಸಬ ಬಂದು ಎರಡು ವಾರ ಕಳೆದಿರಲಿಲ್ಲ, ಮನೆಯಲ್ಲಿ ಸೂತಕ. ಹಿಂದಿನ ಋತುವಿನಲ್ಲಿ ತಂಡವನ್ನು ಗೆಲ್ಲಿಸಿದ್ದ ಲೂಯಿಸ್ ಡಿಯಾಸ್ ಮ್ಯೂನಿಕ್‌ಗೂ ಅಲೆಕ್ಸಾಂಡರ್-ಆರ್ನಾಲ್ಡ್ ಮ್ಯಾಡ್ರಿಡ್‌ಗೂ ಹೊರಟುಹೋಗಿದ್ದರು. ಎಕಿಟಿಕೆ, ಇಸಾಕ್, ಫ್ರಿಂಪಾಂಗ್, ಕೆರ್ಕೆಜ್ ಎಲ್ಲರೂ ಅದೇ ಬೇಸಿಗೆಯಲ್ಲಿ ಬಂದವರು. ಅಂದರೆ ಹೊಸಬನಿಗೆ ದಾರಿ ತೋರಿಸಬೇಕಾದವರಲ್ಲಿ ಅರ್ಧದಷ್ಟು ಮಂದಿ ತಾವೇ ದಾರಿ ಹುಡುಕುತ್ತಿದ್ದರು. ಉಳಿದವರು ಗೆಳೆಯನನ್ನು ಕಳೆದುಕೊಂಡ ದುಃಖದಲ್ಲಿದ್ದರು. ಇಂಥ ಮನೆಯಲ್ಲಿ ಎರಡನೆಯ ದಿನವೇ ಹಬ್ಬದಡುಗೆ ಮಾಡಲಿಲ್ಲವೆಂದು ಹೊಸ ಸೊಸೆಯನ್ನು ದೂರುವ ಅತ್ತೆಯಂದಿರನ್ನು ನಾವು ಏನೆಂದು ಕರೆಯುತ್ತೇವೆಯೋ ಅದೇ ಹೆಸರು ಈ ವ್ಯಾಖ್ಯಾನಕಾರರಿಗೂ ಸಲ್ಲಬೇಕು.

‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂಬ ಗಾದೆಯನ್ನು ನನ್ನ ಮುಖಕ್ಕೆ ಹಿಡಿಯುವವರಿದ್ದಾರೆಂದು ಬಲ್ಲೆ. ಗಾದೆಯ ಮೇಲೆ ನನಗೆ ಗೌರವವಿದೆ. ಆದರೆ ಗಾದೆ ಹೇಳಿದವರು ನೆಲವನ್ನು ಒಮ್ಮೆಯಾದರೂ ನೋಡಿದ್ದರೇ? ಕುಣಿಯಲು ಬಲ್ಲವಳೇ, ನಿನ್ನೆಯವರೆಗೆ ಊರೇ ಮೆಚ್ಚುವಂತೆ ಕುಣಿದವಳೇ, ಇಂದು ಎಡವಿದರೆ ನೆಲವನ್ನೂ ಒಮ್ಮೆ ಬಗ್ಗಿ ನೋಡುವುದು ವಿವೇಕಿಗಳ ಲಕ್ಷಣ. ಒಮ್ಮೊಮ್ಮೆ ನೆಲವೂ ಡೊಂಕಾಗಿರುತ್ತದೆ.

ಸೃಜನಶೀಲ ಆಟಗಾರನ ವಿಷಯದಲ್ಲಂತೂ ಈ ಪರಿಶೀಲನೆ ಇನ್ನೂ ಅಗತ್ಯ. ಗೋಲಿ ಚೆಂಡನ್ನು ತಡೆಯುವುದು ಬಹುಪಾಲು ಅವನೊಬ್ಬನ ಕೆಲಸ. ವೇಗವಾಗಿ ಓಡುವವನ ವೇಗ ಅವನ ಕಾಲುಗಳಲ್ಲೇ ಇರುತ್ತದೆ; ಅದನ್ನು ಪೆಟ್ಟಿಗೆಯೊಂದಿಗೆ ಬೇರೆ ಊರಿಗೆ ಒಯ್ಯಬಹುದು. ಆದರೆ ಮೈದಾನದ ನಡುವೆ ನಿಂತು ಆಟವನ್ನು ಹೆಣೆಯುವವನ ಕಥೆ ಬೇರೆ. ಅವನು ಚೆಂಡನ್ನು ಕಳುಹಿಸುವುದು ಜೊತೆಗಾರ ಈಗ ನಿಂತಿರುವ ಜಾಗಕ್ಕಲ್ಲ, ಎರಡು ಕ್ಷಣಗಳ ನಂತರ ಅವನು ಇರಬೇಕಾದ ಜಾಗಕ್ಕೆ. ಜೊತೆಗಾರ ಆ ಜಾಗವನ್ನು ಊಹಿಸಿ ಓಡಿದರೆ ಅದು ಅದ್ಭುತ ಪಾಸ್. ಓಡದಿದ್ದರೆ ಅದೇ ಚೆಂಡು ಎದುರಾಳಿಯ ಪಾಲು, ಲೆಕ್ಕದ ಪುಸ್ತಕದಲ್ಲಿ ‘ತಪ್ಪು ಪಾಸ್’. ಅವನ ಪ್ರತಿಭೆಯ ಅರ್ಧಭಾಗ ಅವನಲ್ಲಿದೆ, ಇನ್ನರ್ಧ ಜೊತೆಗಾರರ ಕಾಲುಗಳಲ್ಲಿದೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಂಥ ಭಾಗವತರೇ ಇರಲಿ, ತಮ್ಮ ಪದದ ಜಾಡು ತಿಳಿಯದ ಮದ್ದಳೆಗಾರರೊಂದಿಗೆ ಹೊಸ ಮೇಳದಲ್ಲಿ ಮೊದಲ ರಾತ್ರಿ ಹಾಡಿದಾಗ ರಂಗ ಏರುವುದಿಲ್ಲ. ಅದಕ್ಕಾಗಿ ಭಾಗವತರ ಕಂಠವನ್ನು ಯಾರೂ ಹಳಿಯುವುದಿಲ್ಲ. ಜೊತೆ ಕೂಡಿಬರಲಿ ಎಂದು ಕಾಯುತ್ತಾರೆ.

ನನ್ನ ವಾದಕ್ಕೆ ಮುಖ್ಯ ಸಾಕ್ಷಿ ನಾರ್ವೆಯ ಮಾರ್ಟಿನ್ ಓಡೆಗಾರ್ಡ್. 1998ರ ಡಿಸೆಂಬರ್ 17ರಂದು ಡ್ರಾಮೆನ್ ಎಂಬ ಊರಿನಲ್ಲಿ ಹುಟ್ಟಿದವನು. ಹದಿನೈದು ವರ್ಷ 253 ದಿನಗಳ ವಯಸ್ಸಿಗೆ, ನಮ್ಮಲ್ಲಾದರೆ ಒಂಬತ್ತು ಹತ್ತನೆಯ ತರಗತಿಯ ಬೆಂಚಿನಲ್ಲಿ ಕೂರುವ ವಯಸ್ಸಿಗೆ, ತನ್ನ ದೇಶದ ತಂಡಕ್ಕೆ ಆಡಿದ. ಯುರೋಪಿನ ದೊಡ್ಡ ದೊಡ್ಡ ಕ್ಲಬ್ಬುಗಳು ಅವನ ಬಾಗಿಲಿಗೆ ಬಂದವು. 2015ರ ಜನವರಿಯಲ್ಲಿ, ಹದಿನಾರು ತುಂಬಿದ ಮರುತಿಂಗಳೇ, ರಿಯಲ್ ಮ್ಯಾಡ್ರಿಡ್ ಅವನನ್ನು ಕೊಂಡುಕೊಂಡಿತು. ಕ್ಯಾಮೆರಾಗಳ ಮುಂದೆ ಅಂಗಿ ಹಿಡಿದು ನಿಲ್ಲಿಸಿದರು. ಮೇ 23ರಂದು ಗೆಟಾಫೆ ವಿರುದ್ಧದ ಪಂದ್ಯದಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊನ ಬದಲಿಗೆ ಅವನನ್ನು ಕಣಕ್ಕಿಳಿಸಿದರು. ಆ ಕ್ಲಬ್ಬಿಗೆ ಆಡಿದ ಅತಿ ಕಿರಿಯನೆಂಬ ದಾಖಲೆಯಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ.

ಕುಲಾವಿ ಹೊಲಿಸಿದವರು ತೊಟ್ಟಿಲು ಕಟ್ಟಿದರೇ? ಇಲ್ಲ. ಹುಡುಗ ವಾರದ ದಿನಗಳಲ್ಲಿ ಅಭ್ಯಾಸ ಮಾಡುತ್ತಿದ್ದುದು ಹಿರಿಯರ ತಂಡದೊಂದಿಗೆ. ಪಂದ್ಯ ಆಡುತ್ತಿದ್ದುದು ಮೂರನೆಯ ದರ್ಜೆಯ ಲೀಗಿನಲ್ಲಿದ್ದ ‘ಕಾಸ್ತಿಯಾ’ ಎಂಬ ಕಿರಿಯರ ತಂಡಕ್ಕೆ. ಹಿರಿಯರಿಗೆ ಅವನು ತಮ್ಮವನಲ್ಲ, ಅಭ್ಯಾಸಕ್ಕೆ ಬಂದುಹೋಗುವ ಬಾಲಕ. ಕಿರಿಯರಿಗೂ ಅವನು ತಮ್ಮವನಲ್ಲ, ವಾರಕ್ಕೊಮ್ಮೆ ಮೇಲಿನಿಂದ ಇಳಿದುಬಂದು ತಮ್ಮಲ್ಲೊಬ್ಬನ ಜಾಗದಲ್ಲಿ ನಿಲ್ಲುವ ಪ್ರಸಿದ್ಧ. ಎರಡು ತಂಡಗಳ ನಡುವೆ ತಾನು ಯಾವುದಕ್ಕೂ ಸೇರದೆ ಉಳಿದೆನೆಂಬ ಅರ್ಥದ ಮಾತನ್ನು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಜೊತೆಗಾರರ ಓಟವನ್ನು ಓದಿಯೇ ಆಡಬೇಕಾದ ಹುಡುಗನಿಗೆ ಸೋಮವಾರದಿಂದ ಶುಕ್ರವಾರದವರೆಗೆ ಒಂದು ಪುಸ್ತಕವನ್ನು ಕೊಟ್ಟು, ಭಾನುವಾರ ಇನ್ನೊಂದು ಪುಸ್ತಕದಿಂದ ಪರೀಕ್ಷೆ ಮಾಡಿದಂತಾಯಿತು. ಸಾಲದೆಂಬಂತೆ ಅವನು ಬಂದ ಒಂದೇ ವರ್ಷದೊಳಗೆ ಹಿರಿಯರ ತಂಡಕ್ಕೆ ಮೂವರು ತರಬೇತುದಾರರಾದರು: ಆಂಚೆಲೊಟ್ಟಿ, ಬೆನಿಟೆಸ್, ಝಿದಾನ್. ಇವರಲ್ಲಿ ಮೊದಲನೆಯವರಂತೂ 2016ರ ತಮ್ಮ ಪುಸ್ತಕದಲ್ಲಿ, ಈ ಖರೀದಿ ಕ್ಲಬ್ಬಿನ ಅಧ್ಯಕ್ಷರ ಪ್ರಚಾರದ ಕೆಲಸವಾಗಿತ್ತು ಎಂಬರ್ಥದಲ್ಲಿ ಬರೆದರು. ಬರಮಾಡಿಕೊಂಡವರಿಗೇ ಅವನು ಬೇಕಾಗಿರಲಿಲ್ಲ ಎಂದಮೇಲೆ ಅವನು ಬೆಳಗಬೇಕಾದದ್ದು ಯಾರ ಮುಂದೆ?

ಮುಂದಿನ ವರ್ಷಗಳಲ್ಲಿ ಅವನು ಎರವಲು ಪುಸ್ತಕದಂತೆ ಕೈಯಿಂದ ಕೈಗೆ ಹೋದ. 2017ರಿಂದ ಹಾಲೆಂಡಿನ ಹೀರೆನ್‌ವೀನ್, 2018ರಲ್ಲಿ ಅದೇ ದೇಶದ ವಿಟೆಸ್, 2019ರಲ್ಲಿ ಸ್ಪೇನಿನ ರಿಯಲ್ ಸೊಸೈಡಾಡ್. ಆ ಹೊತ್ತಿಗೆ ಬಹಳ ಪತ್ರಿಕೆಗಳು ಅವನನ್ನು ‘ಅರಳದೆ ಬಾಡಿದ ಮೊಗ್ಗು’ಗಳ ಪಟ್ಟಿಗೆ ಸೇರಿಸಿಯಾಗಿತ್ತು. ಆದರೆ ಸೊಸೈಡಾಡ್‌ನಲ್ಲಿ ಅವನಿಗೆ ಪ್ರತಿ ವಾರವೂ ಅದೇ ಜಾಗ, ಅದೇ ಜೊತೆಗಾರರು ದೊರೆತರು. ಮೊಗ್ಗು ಅರಳಿತು. 2020ರ ಫೆಬ್ರುವರಿ 6ರಂದು ಸ್ಪೇನಿನ ರಾಜನ ಹೆಸರಿನ ಕಪ್‌ನ ಪಂದ್ಯದಲ್ಲಿ ಮ್ಯಾಡ್ರಿಡ್‌ನ ಮೈದಾನದಲ್ಲೇ, ತನ್ನನ್ನು ಎರವಲು ಕೊಟ್ಟ ಯಜಮಾನರ ವಿರುದ್ಧವೇ ಗೋಲು ಹೊಡೆದ. 4–3ರಿಂದ ಅವನ ತಂಡ ಗೆದ್ದಿತು. ಯಜಮಾನರು ಎಚ್ಚೆತ್ತು ಆ ಬೇಸಿಗೆಯಲ್ಲಿ ಅವನನ್ನು ಮರಳಿ ಕರೆಸಿಕೊಂಡರು. ಕರೆಸಿಕೊಂಡು ಏನು ಮಾಡಿದರು? ಬೆಂಚಿನ ಮೇಲೆ ಕೂರಿಸಿದರು.

2021ರ ಜನವರಿಯಲ್ಲಿ ಅವನು ಲಂಡನ್ನಿನ ಆರ್ಸೆನಲ್ ತಂಡಕ್ಕೆ, ಮತ್ತೆ ಎರವಲಾಗಿಯೇ, ಹೋದ. ಆ ಅರ್ಧ ಋತುವಿನಲ್ಲಿ ಲೀಗಿನಲ್ಲಿ ಅವನು ಹೊಡೆದ ಗೋಲು ಒಂದೇ ಒಂದು. ಒಂದು ಗೋಲಿನ ಲೆಕ್ಕ ಹಿಡಿದು ‘ಇವನೂ ಅಷ್ಟೇ’ ಎನ್ನಬಹುದಿತ್ತು. ತರಬೇತುದಾರ ಮಿಕೆಲ್ ಆರ್ಟೆಟಾ ಹಾಗೆನ್ನಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಕ್ಲಬ್ಬು ಅವನನ್ನು ಖಾಯಂ ಆಗಿ ಕೊಂಡಿತು. ಮುಂದಿನ ಋತುವಿನಲ್ಲಿ ಲೀಗಿನಲ್ಲಿ ಏಳು ಗೋಲು. 2022ರ ಜುಲೈನಲ್ಲಿ, 23ರ ಹರೆಯದಲ್ಲಿ, ತಂಡದ ನಾಯಕತ್ವ. ಆ ಋತುವಿನಲ್ಲಿ ಹದಿನೈದು ಗೋಲು. ಒಂದು, ಏಳು, ಹದಿನೈದು: ಈ ಮೂರು ಅಂಕಿಗಳನ್ನು ಪ್ರತಿ ಶಾಲೆಯ, ಪ್ರತಿ ಕಚೇರಿಯ ಗೋಡೆಯ ಮೇಲೆ ಬರೆಸಬೇಕೆಂದು ನನಗನ್ನಿಸುತ್ತದೆ. ಮೊದಲನೆಯ ಅಂಕಿಯನ್ನು ನೋಡಿ ತೀರ್ಪು ಬರೆದವನಿಗೆ ಮೂರನೆಯದನ್ನು ನೋಡುವ ಭಾಗ್ಯವಿಲ್ಲ. ನಾರ್ವೆ ದೇಶ ವಿಶ್ವಕಪ್ ಆಡಿದ್ದು 1998ರಲ್ಲಿ, ಅವನು ಹುಟ್ಟಿದ ವರ್ಷ. ಅನಂತರ ಮತ್ತೆ ಅರ್ಹತೆ ಪಡೆದದ್ದು 2025ರ ನವೆಂಬರಿನಲ್ಲಿ, 2026ರ ಕೂಟಕ್ಕೆ, ಅವನ ನಾಯಕತ್ವದ ಕಾಲದಲ್ಲಿ.

‘ಹದಿನಾರರ ಹುಡುಗನನ್ನು ಪರದೇಶಕ್ಕೆ ಕಳುಹಿಸಿದ್ದೇ ತಪ್ಪು, ಯಾವ ಮನೆಯಾದರೂ ಅಷ್ಟೇ ಆಗುತ್ತಿತ್ತು’ ಎಂದು ವಾದಿಸುವವರಿದ್ದಾರೆ. ಅವರಿಗೆ ಸೆಸ್ಕ್ ಫಾಬ್ರೆಗಾಸ್‌ನನ್ನು ತೋರಿಸುತ್ತೇನೆ. ಅವನೂ ಹದಿನಾರರವನೇ, ಅವನೂ ಆಟ ಹೆಣೆಯುವವನೇ. 2003ರಲ್ಲಿ ಬಾರ್ಸಿಲೋನಾ ಬಿಟ್ಟು ಆರ್ಸೆನಲ್‌ಗೆ ಬಂದ. ಅವನನ್ನು ಒಬ್ಬ ಗೃಹಿಣಿಯ ಮನೆಯಲ್ಲಿ ಇರಿಸಿದರು. ಅವನಂತೆಯೇ ಹೊರನಾಡಿನಿಂದ ಬಂದ ಫಿಲಿಪ್ ಸೆಂಡೆರೋಸ್ ಎಂಬ ಕಿರಿಯ ಆಟಗಾರನೂ ಅದೇ ಮನೆಯಲ್ಲಿದ್ದ. ಅಕ್ಟೋಬರಿನಲ್ಲಿ ಲೀಗ್ ಕಪ್‌ನ ಪಂದ್ಯದಲ್ಲಿ ಆಡಿಸಿದರು. ಆದರೆ ತಂಡ ಅಜೇಯವಾಗಿ ಲೀಗ್ ಗೆದ್ದ ಆ 2003–04ರ ಋತುವಿನಲ್ಲಿ ಅವನನ್ನು ಒಂದು ಲೀಗ್ ಪಂದ್ಯಕ್ಕೂ ಇಳಿಸಲಿಲ್ಲ. ಅವಸರ ಮಾಡಲಿಲ್ಲ, ಮರೆಯಲೂ ಇಲ್ಲ. ಮರುವರ್ಷ ಅವನು ತಂಡದ ನಿತ್ಯದ ಆಟಗಾರರಲ್ಲೊಬ್ಬನಾದ. ಒಂದೇ ವಯಸ್ಸಿನ, ಒಂದೇ ಬಗೆಯ ಇಬ್ಬರು ಹುಡುಗರು. ಒಬ್ಬನಿಗೆ ಮೊದಲು ಮೆರವಣಿಗೆ, ಆಮೇಲೆ ಅಲೆದಾಟ. ಇನ್ನೊಬ್ಬನಿಗೆ ಮೊದಲು ಊಟ ವಸತಿ, ಆಮೇಲೆ ಆಟ. ವ್ಯತ್ಯಾಸವಿದ್ದದ್ದು ಹುಡುಗರಲ್ಲಿಯೋ ಮನೆಗಳಲ್ಲಿಯೋ ನೀವೇ ಹೇಳಿ.

ವಯಸ್ಸಾದವರಿಗೂ ಈ ಮಾತು ಸಲ್ಲುತ್ತದೆ. ಅರ್ಜೆಂಟೀನಾದ ರಿಕ್ವೆಲ್ಮೆ 2002ರಲ್ಲಿ ಬೋಕಾ ಜೂನಿಯರ್ಸ್‌ನಿಂದ ಬಾರ್ಸಿಲೋನಾಕ್ಕೆ ಬಂದಾಗ 24ರ ಪ್ರಾಯದವನು. ಮೈದಾನದ ನಡುವೆ ನಿಂತು ಇಡೀ ಆಟವನ್ನು ನಡೆಸುತ್ತಿದ್ದವನನ್ನು ಅಲ್ಲಿನ ತರಬೇತುದಾರ ಅಂಚಿಗೆ ದೂಡಿ ಆಡಿಸಿದರು. ಒಂದೇ ವರ್ಷಕ್ಕೆ ಅವನನ್ನು ವಿಯ್ಯಾರಿಯಲ್ ಎಂಬ ಸಣ್ಣ ಪಟ್ಟಣದ ತಂಡಕ್ಕೆ ಎರವಲು ಕೊಟ್ಟರು. ಅಲ್ಲಿ ಅವನನ್ನು ನಡುವೆ ನಿಲ್ಲಿಸಿದರು. 2006ರಲ್ಲಿ ಆ ಸಣ್ಣ ತಂಡ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ತಲುಪಿತು. ಅಲ್ಲಿ ಕೊನೆಯ ಗಳಿಗೆಯಲ್ಲಿ ಅವನು ಹೊಡೆದ ಪೆನಾಲ್ಟಿಯನ್ನು ಗೋಲಿ ತಡೆದ, ತಂಡ ಹೊರಬಿತ್ತು. ಆದರೂ ಆ ಊರನ್ನು ಅಷ್ಟು ದೂರ ಕರೆದೊಯ್ದವನು ಬಾರ್ಸಿಲೋನಾಕ್ಕೆ ಬೇಡವಾಗಿದ್ದ ಆ ಮನುಷ್ಯನೇ. ಇನ್ನು ಬೆಲ್ಜಿಯಮ್ಮಿನ ಕೆವಿನ್ ಡಿ ಬ್ರೂಯ್ನ. ಚೆಲ್ಸಿ 2013–14ರ ಋತುವಿನಲ್ಲಿ ಅವನನ್ನು ಮೂರೇ ಲೀಗ್ ಪಂದ್ಯಗಳಲ್ಲಿ ಆಡಿಸಿ ಜನವರಿಯಲ್ಲಿ ಮಾರಿತು. ಮರುವರ್ಷ, 2015ರಲ್ಲಿ, ಅವನು ಜರ್ಮನಿಯಲ್ಲಿ ವರ್ಷದ ಆಟಗಾರ. ಅದೇ ವರ್ಷ ಮ್ಯಾಂಚೆಸ್ಟರ್ ಸಿಟಿ ಸೇರಿ ಹತ್ತು ವರ್ಷಗಳಲ್ಲಿ ಆರು ಬಾರಿ ಲೀಗ್ ಗೆದ್ದ. ಹಿತ್ತಲ ಗಿಡ ಮದ್ದಲ್ಲ ಎಂದು ಕಿತ್ತೆಸೆದವರು ಪಕ್ಕದ ಮನೆಯವರು ಅದರಲ್ಲೇ ಕಷಾಯ ಮಾಡುವುದನ್ನು ನೋಡುತ್ತ ಕೂರಬೇಕಾಯಿತು.

ಇನ್ನೊಂದು ಆಕ್ಷೇಪಕ್ಕೂ ಉತ್ತರ ಹೇಳಬೇಕು. ‘ಕೋಟಿಗಟ್ಟಲೆ ಕೊಟ್ಟಿದ್ದೇವೆ, ಕಾಯುವುದು ಹೇಗೆ?’ ಎನ್ನುತ್ತಾರೆ. ಕೊಟ್ಟದ್ದು ಯಾರಿಗೆ? ಮಾರಿದ ಕ್ಲಬ್ಬಿಗೆ. ಬೆಲೆ ಗೊತ್ತುಮಾಡಿದ್ದು ಇಬ್ಬರು ವ್ಯಾಪಾರಿಗಳು. ಹುಡುಗನ ಸಂಬಳ ದೊಡ್ಡದಿದೆ, ನಿಜ. ಅದಕ್ಕೆ ತಕ್ಕ ದುಡಿಮೆಯನ್ನು ಕೇಳುವ ಹಕ್ಕೂ ಇದೆ. ಬೆಳಿಗ್ಗೆ ಅಭ್ಯಾಸಕ್ಕೆ ತಡವಾಗಿ ಬಂದರೆ, ಕಲಿಯುವ ಮನಸ್ಸಿಲ್ಲದಿದ್ದರೆ ಗದರಿಸಿ. ಎಲ್ಲ ಪ್ರತಿಭಾವಂತರೂ ಎಲ್ಲೋ ಒಂದು ಕಡೆ ಅರಳಿಯೇ ತೀರುತ್ತಾರೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಫ್ರೆಡ್ಡಿ ಅಡು 2004ರಲ್ಲಿ ಹದಿನಾಲ್ಕನೆಯ ವಯಸ್ಸಿಗೇ ವೃತ್ತಿಪರ ಆಟಗಾರನಾಗಿ, ದೇಶದ ಭವಿಷ್ಯವೆನಿಸಿಕೊಂಡು, ಅನಂತರ ದೇಶದಿಂದ ದೇಶಕ್ಕೆ ಅಲೆದರೂ ನಿರೀಕ್ಷೆಯ ಎತ್ತರ ಮುಟ್ಟಲಿಲ್ಲ. ಆದರೆ ಎಳೆಯ ತಲೆಯ ಮೇಲೆ ಕಿರೀಟವಿಟ್ಟವರು, ಕತ್ತು ಬಾಗಿದಾಗ ಕತ್ತನ್ನೇ ದೂರುವುದು ಯಾವ ನ್ಯಾಯ? ದುಡಿಮೆಯನ್ನು ಕೇಳಿ, ಪವಾಡವನ್ನು ಕೇಳಬೇಡಿ. ಗದ್ದೆಯಲ್ಲಿ ನಾಟಿ ಮಾಡಿದ ಸಸಿ ಕೆಲವು ದಿನ ಹಳದಿಯಾಗಿ ಬಾಗಿ ನಿಲ್ಲುತ್ತದೆ. ರೈತ ಅದನ್ನು ಕಿತ್ತು ಬೇರು ಬಂತೇ ಎಂದು ನೋಡುವುದಿಲ್ಲ. ನೀರು ನಿಂತಿದೆಯೇ ಎಂದು ನೋಡುತ್ತಾನೆ.

ಇಷ್ಟು ದೂರದ ಹುಡುಗರ ಪರವಾಗಿ ನಾನೇಕೆ ವಕಾಲತ್ತು ವಹಿಸುತ್ತಿದ್ದೇನೆ? ಅವರಿಗೆ ಹಣವಿದೆ, ಹೆಸರಿದೆ, ಮತ್ತೊಂದು ಕ್ಲಬ್ಬು ಸಿಗುತ್ತದೆ. ಎರಡನೆಯ ಮನೆ ಸಿಗದವರು ನಮ್ಮ ನಡುವೆಯೇ ಇದ್ದಾರೆ. ನಮ್ಮದು ಕನ್ನಡ ಮಾಧ್ಯಮದ ಶಾಲೆ. ಅಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದ ಒಬ್ಬ ಹುಡುಗ ಎಸ್‌ಎಸ್‌ಎಲ್‌ಸಿ ಮುಗಿಸಿ ನಗರದ ಕಾಲೇಜೊಂದಕ್ಕೆ ವಿಜ್ಞಾನ ಓದಲು ಹೋದ. ಮೊದಲ ಕಿರುಪರೀಕ್ಷೆಯಲ್ಲಿ ಗಣಿತದಲ್ಲಿಯೇ ನಪಾಸು. ವರ್ಗಮೂಲ ಅವನಿಗೆ ಗೊತ್ತಿತ್ತು, ‘ಸ್ಕ್ವೇರ್ ರೂಟ್’ ಗೊತ್ತಿರಲಿಲ್ಲ. ಲಂಬಕೋನ ತ್ರಿಭುಜವನ್ನು ಕಣ್ಣುಮುಚ್ಚಿ ಬರೆಯಬಲ್ಲವನಿಗೆ ಅದರ ಇಂಗ್ಲಿಷ್ ಹೆಸರು ಕೇಳಿ ದಿಗಿಲಾಗುತ್ತಿತ್ತು. ಅಲ್ಲಿನ ಒಬ್ಬ ಅಧ್ಯಾಪಕರು ಇಡೀ ತರಗತಿಯ ಮುಂದೆ ‘ಹಳ್ಳಿಯ ಅಂಕಗಳ ಬೆಲೆ ಇಷ್ಟೇ’ ಎಂದರಂತೆ. ಆ ವಾಕ್ಯವನ್ನು ಅವನು ನನಗೆ ಕಾಗದದಲ್ಲಿ ಬರೆದಿದ್ದ. ಓದು ಬಿಟ್ಟು ಮನೆಗೆ ಬರುತ್ತೇನೆಂದೂ ಬರೆದಿದ್ದ. ಬರಲಿಲ್ಲ, ಏಕೆಂದರೆ ಅದೇ ಕಾಲೇಜಿನ ಇನ್ನೊಬ್ಬ ಅಧ್ಯಾಪಕರು ಎರಡು ವಾರ ಕಾಲ ಪ್ರತಿ ಪಾಠದ ಮೊದಲು ಕರಿಹಲಗೆಯ ಮೂಲೆಯಲ್ಲಿ ಇಂಗ್ಲಿಷ್ ಪದದ ಪಕ್ಕ ಕನ್ನಡ ಪದವನ್ನು ಬರೆದಿಟ್ಟರು. ಅವರಿಗೆ ತಗುಲಿದ್ದು ದಿನಕ್ಕೆ ಐದು ನಿಮಿಷ, ಒಂದು ತುಂಡು ಸೀಮೆಸುಣ್ಣ. ಆ ಹುಡುಗ ಈಗ ಎಂಜಿನಿಯರು. ಇದನ್ನು ಓದುತ್ತಲೂ ಇರಬಹುದು. ಅವನ ಜೊತೆಗೆ ಹೋಗಿ, ಐದು ನಿಮಿಷ ಕೊಡುವವರು ಸಿಗದೆ, ಮೌನವಾಗಿ ಹಿಂದಿರುಗಿದ ಮಕ್ಕಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಅವರೆಲ್ಲ ‘ಅಷ್ಟು ಬುದ್ಧಿವಂತರಾಗಿರಲಿಲ್ಲ’ ಎಂದೇ ಊರು ನಂಬಿದೆ.

ನನ್ನ ಹಳೆಯ ವಿದ್ಯಾರ್ಥಿಗಳೇ, ನೀವು ಈಗ ಹೊಸಬರಲ್ಲ. ಹಲವರು ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಹಿರಿಯ ಸ್ಥಾನದಲ್ಲಿದ್ದೀರಿ. ಕೆಲವರ ಮನೆಗೆ ಸೊಸೆಯಂದಿರೂ ಬರುತ್ತಿದ್ದಾರೆ. ನಿಮ್ಮ ಬಳಿಗೂ ಪ್ರತಿವರ್ಷ ಯಾರೋ ಒಬ್ಬ ಹುಡುಗ, ಯಾರೋ ಒಬ್ಬ ಹುಡುಗಿ, ಹಿಂದಿನ ಊರಿನ ಹೊಗಳಿಕೆಯನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಾರೆ. ಮೊದಲ ತಿಂಗಳಲ್ಲಿ ಅವರು ಎಡವುತ್ತಾರೆ. ಆಗ ನಿಮ್ಮ ಬಾಯಿಗೆ ‘ಪ್ರತಿಭೆಯಿದ್ದಿದ್ದರೆ ಇಷ್ಟು ಹೊತ್ತಿಗೆ ಕಾಣಿಸುತ್ತಿತ್ತು’ ಎಂಬ ಮಾತು ಬಂದರೆ ದಯವಿಟ್ಟು ಅದನ್ನು ನುಂಗಿಕೊಳ್ಳಿ. ಬದಲಾಗಿ ಕೇಳಿಕೊಳ್ಳಿ: ಇವರು ಯಾರೊಂದಿಗೆ ಕೂತು ಊಟ ಮಾಡುತ್ತಾರೆ? ಅರ್ಥವಾಗದಿದ್ದಾಗ ಯಾರನ್ನು ಕೇಳುತ್ತಾರೆ? ಇವರಿಗೆ ಬರುವ ಕೆಲಸವನ್ನೇ ನಾವು ಕೊಟ್ಟಿದ್ದೇವೆಯೇ, ಅಥವಾ ನಡುವೆ ಆಡುವವರನ್ನು ಅಂಚಿಗೆ ನಿಲ್ಲಿಸಿದ್ದೇವೆಯೇ? ಈ ಮೂರು ಪ್ರಶ್ನೆಗಳಿಗೂ ಉತ್ತರ ಸಿಕ್ಕ ಮೇಲೆ, ಒಂದು ಪೂರ್ತಿ ವರ್ಷ ಕಳೆದ ಮೇಲೆ, ಬೇಕಾದರೆ ತೀರ್ಪು ಹೇಳಿ. ಅಲ್ಲಿಯವರೆಗೆ ಪರೀಕ್ಷೆ ನಡೆಯುತ್ತಿರುವುದು ಅವರದಲ್ಲ, ನಿಮ್ಮದು.